ನೂರು ಎಂಬಿಪಿಎಸ್ ಎಲ್ಲಿ ಸೋರುತ್ತದೆ?

ಮಂಗಳೂರಿನ ಜಪ್ಪಿನಲ್ಲಿ ಒಂದು ಹಳೆಯ ಮನೆ. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಹಂಚಿನ ಮಾಡು. ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇದೇ ಜಪ್ಪಿನಲ್ಲಿ. ಜುಲೈ ತಿಂಗಳ ಸಂಜೆ. ಮಧ್ಯಾಹ್ನ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಚಾವಡಿಯ ಮೂಲೆಯ ಮೇಜಿನ ಮೇಲೆ ಕಂಪ್ಯೂಟರ್, ಅದರ ಪಕ್ಕ ನೀಲಿ ರಟ್ಟಿನ ನೋಟ್‌ಬುಕ್. ಮೇಜಿನ ಮುಂದೆ ಕೂತವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ಹಿಂದೆ ನಿಂತವಳು ಅವರ ತಂಗಿಯ ಮಗಳು. ಬೆಂಗಳೂರಿನ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಎಂಜಿನಿಯರ್, ಈ ಮಳೆಗಾಲ ಮಾವನ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಳೆ.

ಪರದೆಯ ಮೇಲೆ ಹಸಿರು ಪಟ್ಟಿಯೊಂದು ತೆವಳುತ್ತಿದೆ. ಮೊಮ್ಮಗನ ನಾಮಕರಣದ ವಿಡಿಯೊ, 2 ಜಿಬಿ. ಮಗ ಅದನ್ನು ಕ್ಯಾಲಿಫೋರ್ನಿಯಾದ ಸರ್ವರಿನಲ್ಲಿ ಇಟ್ಟಿದ್ದಾನೆ. ಇಳಿಯಲು ಇನ್ನೂ ಎರಡು ಗಂಟೆ ಬೇಕೆಂದು ಯಂತ್ರ ಹೇಳುತ್ತಿದೆ.

"ನೋಡು ಮಾರಾಯ್ತಿ, ನೂರು ಎಂಬಿಪಿಎಸ್ ಅಂತ ತಿಂಗಳು ತಿಂಗಳು ದುಡ್ಡು ಕಟ್ಟುದು. ಸ್ಪೀಡ್ ಟೆಸ್ಟ್ ಮಾಡಿದ್ರೆ ತೊಂಬತ್ತನಾಲ್ಕು ತೋರಿಸ್ತದೆ. ಫೈಲ್ ಇಳಿಸ್ಲಿಕ್ಕೆ ಕೂತ್ರೆ ಹೀಗೆ. ಉಳಿದದ್ದು ಎಲ್ಲಿ ಹೋಯ್ತು?"

"ಬಿಟ್ ಬೇರೆ, ಬೈಟ್ ಬೇರೆ ಮಾವ. ನೂರನ್ನು ಎಂಟರಿಂದ ಭಾಗಿಸಿ. ಸೆಕೆಂಡಿಗೆ ಹನ್ನೆರಡೂವರೆ ಎಂಬಿ, ಅದಕ್ಕಿಂತ ಹೆಚ್ಚು ಸಿಗುದಿಲ್ಲ."

"ಅದು ನನಗೆ ಹೇಳ್ಬೇಡ. 256 ಕೆಬಿಪಿಎಸ್ ಅಂದ್ರೆ 32 ಕೆಬಿ ಅಂತ ಲೆಕ್ಕ ಹಾಕಿದವ ನಾನು. ಇಲ್ಲಿ ಹನ್ನೆರಡೂವರೆ ಬಿಡು, ಕಾಲು ಎಂಬಿ ಬರ್ತಾ ಉಂಟು. 260 ಕೆಬಿ. ಏರುದೂ ಇಲ್ಲ, ಇಳಿಯುದೂ ಇಲ್ಲ."

ಆ ಕೊನೆಯ ಮಾತಿಗೆ ಅವಳ ಕಿವಿ ನೆಟ್ಟಗಾಯಿತು. ಕೆಟ್ಟ ಲೈನು ಹಾಗೆ ನಿಲ್ಲುವುದಿಲ್ಲ. ಕುಣಿಯುತ್ತದೆ, ಬೀಳುತ್ತದೆ, ಏಳುತ್ತದೆ. ಕದಲದೆ ನಿಂತ ವೇಗಕ್ಕೆ ಎಲ್ಲೋ ಯಾರೋ ಮಿತಿ ಹಾಕಿರಬೇಕು.

"ಈ ಕಂಪ್ಯೂಟರಿಗೆ ನೀವು ಎಂತೆಲ್ಲ ಮಾಡಿದ್ದೀರಿ?"

"ಮಾಡಿದ್ದೆಲ್ಲ ಇದರಲ್ಲಿ ಉಂಟು," ಎಂದು ಅವರು ನೋಟ್‌ಬುಕ್ ಅವಳ ಕಡೆ ಸರಿಸಿದರು.

ಎಂಬತ್ತರ ದಶಕದ ಕೊನೆಗೆ ಬ್ಯಾಂಕಿಗೆ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂದಾಗ ಅದರ ಮುಂದೆ ಮೊದಲು ಕೂತವರಲ್ಲಿ ಅವರೂ ಒಬ್ಬರು. ಏನು ಒತ್ತಿದರೆ ಏನಾಯಿತು ಎಂದು ಬರೆದಿಡುವ ಅಭ್ಯಾಸ ಅಲ್ಲಿಂದ ಬಂದದ್ದು. ವಿಎಸ್ಎನ್ಎಲ್ 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಈ ಮನೆಗೆ ಅದು ಬಂದದ್ದು ಕೆಲವು ವರ್ಷ ಬಿಟ್ಟು, ಕಿರುಚುವ 56ಕೆ ಮೋಡೆಮ್ಮಿನ ರೂಪದಲ್ಲಿ. 2005ರಲ್ಲಿ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ನೋಟ್‌ಬುಕ್ಕಿನ ಮೊದಲ ಪುಟ ಆ ವರ್ಷದ್ದು. ದುಂಡಗಿನ ಬ್ಯಾಂಕಿನ ಅಕ್ಷರ, ಎಡಕ್ಕೆ ತಾರೀಕು, ಬಲಕ್ಕೆ ವೇಗ.

"ಇದೆಂತ ಮಾವ, 'ಕ್ಯೂಒಎಸ್ ಶೇಕಡಾ 20, ಸೊನ್ನೆ ಮಾಡುವುದು'?"

"ಎಕ್ಸ್‌ಪಿ ಇದ್ದಾಗ ವಿಂಡೋಸ್ ನಮ್ಮ ಲೈನಿನ ಐದನೇ ಒಂದು ಪಾಲನ್ನು ತನಗೇ ಇಟ್ಟುಕೊಳ್ತಿತ್ತು. ಅದನ್ನು ಬಿಡಿಸ್ಲಿಕ್ಕೆ."

"ಇಟ್ಟುಕೊಳ್ತಲೇ ಇರ್ಲಿಲ್ಲ. ಮೈಕ್ರೋಸಾಫ್ಟ್ ಆಗಲೇ ಅದನ್ನು ಬರೆದು ಹೇಳಿತ್ತು. ಯಾವುದಾದ್ರೂ ಪ್ರೋಗ್ರಾಮ್ ತನಗೆ ಪಾಲು ಬೇಕು ಅಂತ ಕೇಳಿದ್ರೆ ಮಾತ್ರ ಕಾದಿರಿಸುದು. ಕೇಳಿದವ ಬಳಸದಿದ್ರೆ ಅದೂ ಉಳಿದವರಿಗೆ. ರೈಲಿನ ಕೋಟಾ ಇದ್ದ ಹಾಗೆ. ಬುಕ್ ಆಗದ ಸೀಟು ಖಾಲಿ ಹೋಗುದಿಲ್ಲ."

"ನಾನು ಕಣ್ಣಾರೆ ನೋಡಿದ್ದೇನೆ. ಮಾಡಿದ ರಾತ್ರಿಯೇ ಸ್ಪೀಡ್ ಜಾಸ್ತಿ ಆಯ್ತು. ಬರೆದದ್ದು ಉಂಟು ನೋಡು."

ಬರೆದದ್ದು ಇತ್ತು. ಬದಲಿಸುವ ಮೊದಲಿನ ಅಳತೆ ಸಂಜೆ 7.10ರದ್ದು. ಬದಲಿಸಿದ ಮೇಲಿನದು ರಾತ್ರಿ 2.20ರದ್ದು. ಆ ಕಾಲದ ಬಿಎಸ್ಎನ್ಎಲ್ ಪ್ಲಾನುಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರ ತನಕ ಎಷ್ಟು ಇಳಿಸಿದರೂ ಲೆಕ್ಕವಿರಲಿಲ್ಲ. ಅಲಾರಾಂ ಇಟ್ಟು ಎದ್ದು ಡೌನ್‌ಲೋಡಿಗೆ ಹಾಕಿ ಮತ್ತೆ ಮಲಗಿದವರು ಮಂಗಳೂರಿನಲ್ಲಿ ಬೇಕಾದಷ್ಟು ಮಂದಿ. ಹುಡುಗಿ ಎರಡೂ ಸಮಯಗಳ ಮೇಲೆ ಬೆರಳಿಟ್ಟು ತೋರಿಸಿದಳು.

"ಸಂಜೆ ಏಳಕ್ಕೆ ಇಡೀ ಬೀದಿ ಲೈನಿನಲ್ಲಿ. ರಾತ್ರಿ ಎರಡೂ ಇಪ್ಪತ್ತಕ್ಕೆ ನಿಮ್ಮ ಹಾಗೆ ಎದ್ದವರು ಮಾತ್ರ. ಸ್ಪೀಡ್ ಸೆಟ್ಟಿಂಗಿನಿಂದ ಬಂತಾ, ಹೊತ್ತಿನಿಂದ ಬಂತಾ, ಹೇಗೆ ಹೇಳುದು?"

"ಸರಿ, ಆ ಅಳತೆ ತಪ್ಪು. ಆದ್ರೆ ಒಂದು ಸಾಲು ತಪ್ಪಾದ್ರೆ ಇಡೀ ಪುಸ್ತಕ ತಪ್ಪಾಗುದಿಲ್ಲ. ಮುಂದಿನದ್ದು ಓದು. ಎಂಟಿಯು 1492."

"ಅದು ಸರಿ."

"ಜೋರಾಗಿ ಹೇಳು."

"ಸರಿ ಅಂದೆ ಮಾವ. ಈಥರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ 1500 ಬೈಟ್. ಬ್ರಾಡ್‌ಬ್ಯಾಂಡಿಗೆ ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವ ಪಿಪಿಪಿಒಇ ಅಂತ ಉಂಟಲ್ಲ, ಅದರ ತಲೆಚೀಟಿಗೇ ಎಂಟು ಬೈಟ್ ಬೇಕು. ಉಳಿದದ್ದು 1492. ಅದು ತಪ್ಪಿದ್ರೆ ಕೆಲವು ಸೈಟು ಅರ್ಧ ತೆರೆದು ನಿಂತೇ ಬಿಡ್ತದೆ."

"ನಿಲ್ತಿತ್ತು. ಬ್ಯಾಂಕಿನ ಪುಟ ಬರ್ತಿತ್ತು, ಲಾಗಿನ್ ಒತ್ತಿದ್ರೆ ಬಿಳಿ ಪರದೆ. ಫೋನ್ ಮಾಡಿದ್ರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಅಂತ ಉತ್ತರ. ನಾಲ್ಕು ದಿನ ಕೂತು ಈ ಎಂಟು ಬೈಟನ್ನು ಹುಡುಕಿದ್ದು ನಾನೇ. ಇನ್ನೊಂದು ನೋಡು, 'ವಿಂಡೋ ಸೈಜ್'. 2007."

ಅವಳು ಆ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಆ ವರ್ಷ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ 2 ಎಂಬಿಪಿಎಸ್‌ಗೆ ಏರಿತ್ತು. ಎಕ್ಸ್‌ಪಿ ಒಮ್ಮೆಗೆ ಕೈಚಾಚಿ ತೆಗೆದುಕೊಳ್ಳುತ್ತಿದ್ದದ್ದು, ಅಂದರೆ ಅದರ ವಿಂಡೋ, 17,520 ಬೈಟ್ ಮಾತ್ರ. ಅದಕ್ಕೆ ರಶೀದಿ ಹೋದ ಮೇಲೆಯೇ ಮುಂದಿನದು. ಅಮೆರಿಕಕ್ಕೆ ಹೋಗಿ ಬರಲು ಕಾಲು ಸೆಕೆಂಡು. ಹಾಗಾದರೆ ಸೆಕೆಂಡಿಗೆ 70 ಕೆಬಿ, ಅಂದರೆ ಅರ್ಧ ಎಂಬಿಪಿಎಸ್ ಚಿಲ್ಲರೆ. 2 ಎಂಬಿಪಿಎಸ್ ಲೈನಿನ ಮುಕ್ಕಾಲು ಪಾಲು ಬಳಕೆಯಾಗದೆ ಉಳಿಯುತ್ತಿತ್ತು.

"ಇದು ನಿಜವಾಗಿ ಕೆಲಸ ಮಾಡಿದೆ," ಎಂದಳು. "ಆ ದಿನದಲ್ಲಿ ಇದನ್ನು ಮಾಡಿದವರಿಗೆ ಮಾತ್ರ ಪೂರ್ತಿ ಲೈನು ಸಿಕ್ಕಿದ್ದು."

ಹಿರಿಯರು ಏನೂ ಹೇಳದೆ ಕನ್ನಡಕ ಒರೆಸಿಕೊಂಡರು. ಮುಂದಿನ ಪುಟ ತಿರುಗಿಸಿದವಳು ಅವಳೇ. ಅಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: ಆಟೋ ಟ್ಯೂನಿಂಗ್, ಡಿಸೇಬಲ್. ಹೊಸ ಕಂಪ್ಯೂಟರ್ ತಂದ ದಿನವೇ ತಪ್ಪದೆ ಮಾಡುವುದು.

"ಮಾವ, ಸ್ವಲ್ಪ ಕುರ್ಚಿ ಬಿಡ್ತೀರಾ?"

ಕಪ್ಪು ಕಿಟಕಿ ತೆರೆಯಿತು. ಅವಳು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು. ಬಿಳಿ ಅಕ್ಷರಗಳ ಹತ್ತು ಹನ್ನೆರಡು ಸಾಲು ಇಳಿದವು. ಒಂದರ ಮೇಲೆ ಬೆರಳಿಟ್ಟಳು: ರಿಸೀವ್ ವಿಂಡೋ ಆಟೋ ಟ್ಯೂನಿಂಗ್ ಲೆವೆಲ್, ಅದರ ಎದುರು ಡಿಸೇಬಲ್ಡ್.

"ಸೋರುದು ಇಲ್ಲಿ."

"ಅದು ಹೇಗೆ? ವೇಗಕ್ಕೆ ಅಂತಲೇ ಮಾಡಿದ್ದಲ್ವಾ?"

"ನೀವು ಹಳೆ ಬಂದರಿನಲ್ಲಿ ಲಕ್ಷದ್ವೀಪದ ಮಂಜಿ ನೋಡಿದ್ದೀರಲ್ಲ. ಸಮುದ್ರ ಎಷ್ಟು ಅಗಲ ಇದ್ರೆ ಎಂತ, ಕಳಿಸಿದ ಸರಕು ಮುಟ್ಟಿತು ಅಂತ ರಶೀದಿ ಬಾರದೆ ಇನ್ನೊಂದು ಮಂಜಿ ಬಿಡುದಿಲ್ಲ ಅಂತ ಸಾಹುಕಾರ ಹಟ ಹಿಡಿದ್ರೆ? ವಾರಕ್ಕೆ ಒಂದೇ ಮಂಜಿ. ಈ ಸೆಟ್ಟಿಂಗ್ ಆ ಹಟ. ವಿಂಡೋ 64 ಕೆಬಿಯಲ್ಲೇ ನಿಲ್ತದೆ. ಕ್ಯಾಲಿಫೋರ್ನಿಯಾ ಕಾಲು ಸೆಕೆಂಡು ದೂರ. ನಾಲ್ಕು ಸಲ 64, ನೀವು ನೋಡಿದ 260."

"ಹಾಗಾದ್ರೆ ಸ್ಪೀಡ್ ಟೆಸ್ಟಿನಲ್ಲಿ ತೊಂಬತ್ತನಾಲ್ಕು ಹೇಗೆ?"

"ಟೆಸ್ಟ್ ಮಾಡುವ ಸರ್ವರ್ ಹತ್ತಿರದ್ದು, ಐದು ಮಿಲಿಸೆಕೆಂಡು. ಅದು ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿ ದಾಟಿದ ಹಾಗೆ; ಒಂದೇ ದೋಣಿ ಇದ್ರೂ ಗಂಟೆಗೆ ಬೇಕಾದಷ್ಟು ಸಲ ಹೋಗಿ ಬರ್ತದೆ. ಟೆಸ್ಟು ಸುಳ್ಳು ಹೇಳ್ಲಿಲ್ಲ, ಅದು ಹತ್ತಿರದ ದಾರಿಯನ್ನು ಮಾತ್ರ ಅಳೆದದ್ದು."

ಡಿಸೇಬಲ್ಡ್ ಇದ್ದಲ್ಲಿ ನಾರ್ಮಲ್ ಎಂದು ಬರುವ ಹಾಗೆ ಅವಳು ಇನ್ನೊಂದು ಸಾಲು ಕೊಟ್ಟಳು. ತೆವಳುತ್ತಿದ್ದ ಡೌನ್‌ಲೋಡ್ ರದ್ದು ಮಾಡಿ ಮೊದಲಿನಿಂದ ಹಾಕಿದಳು. ಮುನ್ನೂರು ಕೆಬಿ, ಒಂದು ಎಂಬಿ, ಮೂರು, ಆರು, ಇಳಿದು ನಾಲ್ಕೂವರೆ, ಮತ್ತೆ ಐದೂವರೆ. ಏಳು ನಿಮಿಷದಲ್ಲಿ ಪಟ್ಟಿ ತುಂಬಿತು. ಮೊಮ್ಮಗನ ಕಿವಿಯಲ್ಲಿ ಹೆಸರು ಹೇಳುವ ದೃಶ್ಯ ಬಂದಾಗ ಇಬ್ಬರೂ ಮಾತು ನಿಲ್ಲಿಸಿ ನೋಡಿದರು.

ಒಳಗಿನಿಂದ ಕಾಫಿ ಬಂತು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು.

"ಬೀಗ ಹಾಕಿದವ ನಾನೇ," ಎಂದರು ಹಿರಿಯರು. "ಆದ್ರೆ ಕಾರಣ ಇತ್ತು. ವಿಸ್ಟಾ ಬಂದಾಗ ಮನೆಯ ಹಳೆ ರೂಟರಿಗೆ ಈ ದೊಡ್ಡ ವಿಂಡೋ ಅರ್ಥವೇ ಆಗ್ತಿರ್ಲಿಲ್ಲ. ಕನೆಕ್ಷನ್ ಸಾಯ್ತಿತ್ತು. ಡಿಸೇಬಲ್ ಮಾಡಿದ ಮೇಲೆ ಸರಿಯಾಯ್ತು."

"ಅದೂ ನಿಜ. ಆಗಿನ ಎಷ್ಟೋ ರೂಟರುಗಳಿಗೆ ಆ ಕಾಯಿಲೆ ಇತ್ತು. ಆದ್ರೆ ಆ ರೂಟರ್ ಗುಜರಿಗೆ ಹೋಗಿ ಎಷ್ಟು ವರ್ಷ ಆಯ್ತು? ಮದ್ದು ಮಾತ್ರ ಉಳಿಯಿತು. ಅದಕ್ಕೇ ನಾನು ಹೇಳುದು, ಈಗಿನ ಯಂತ್ರಗಳು ತಮ್ಮನ್ನು ತಾವೇ ಹೊಂದಿಸಿಕೊಳ್ತವೆ. ಕೈ ಹಾಕದೆ ಇರುದೇ ಒಳ್ಳೆಯದು."

"ಹೌದಾ? ಹಾಗಾದ್ರೆ ಮೊನ್ನೆ ನಿನ್ನ ಮೀಟಿಂಗಿನಲ್ಲಿ ಎಂತ ಆಯ್ತು?"

ಅವಳು ಕಾಫಿ ಲೋಟ ಕೆಳಗಿಟ್ಟಳು. ಮೊನ್ನೆ ಸಂಜೆ ಅವಳ ವಿಡಿಯೊ ಮೀಟಿಂಗ್ ಮೂರು ಸಲ ಕಡಿದು ಹೋಗಿತ್ತು. ಹೊಸ ಮೆಶ್ ರೂಟರ್ ತರಿಸುವುದೇ ದಾರಿ ಎಂದು ಅವಳು ಹೇಳಿದ್ದಳು.

"ನೀನು ಹೊಸದು ತರಿಸುವ ಅಂದಿ. ಅದರ ಮರುದಿನ ನಿನ್ನೊಂದು ಮೀಟಿಂಗಾದ್ರೂ ಕಡಿಯಿತಾ? ಇಲ್ಲ. ನಾನು ಹಿಂದಿನ ರಾತ್ರಿ ಕೂತು ನೋಡಿದೆ. ಹಿಂದಿನ ಹೊಸ ಫ್ಲ್ಯಾಟಿನ ವೈಫೈಗಳೆಲ್ಲ ಆರನೇ ಚಾನೆಲ್. ನಮ್ಮದೂ ಅಲ್ಲಿಯೇ ಕೂತಿತ್ತು, ಆಟೋ ಅಂತ ಬೇರೆ. ಹನ್ನೊಂದಕ್ಕೆ ತಿರುಗಿಸಿದೆ. ನಿನ್ನ ಆಟೋ ಎಂತ ಮಾಡ್ತಿತ್ತು?"

"ಸುಮಾರು ರೂಟರುಗಳು ಆನ್ ಆಗುವಾಗ ಒಮ್ಮೆ ಹುಡುಕ್ತವೆ, ಆಮೇಲೆ ಅಲ್ಲಿಯೇ ಇರ್ತವೆ," ಎಂದು ಅವಳು ಒಪ್ಪಿಕೊಂಡಳು. "2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: ಒಂದು, ಆರು, ಹನ್ನೊಂದು. ಐದು ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದ್ರೆ ಈ ಗೋಡೆ ದಾಟುದಿಲ್ಲ. ಮುರಕಲ್ಲು, ಅದೂ ಮಳೆನೀರು ಕುಡಿದ ಮುರಕಲ್ಲು. ನೀರು ಈ ಅಲೆಗಳನ್ನು ನುಂಗ್ತದೆ."

"ಹಾಗಾದ್ರೆ ನನ್ನ ಸೆಟ್ಟಿಂಗ್ ಕೆಲಸ ಮಾಡಿತು."

"ಅರ್ಧ. ಇನ್ನರ್ಧ ನಾನು ಮಾಡಿದ್ದು. ನಿಮ್ಮ ಫೋನಿನ ಫೋಟೋ ಬ್ಯಾಕಪ್ ಸಂಜೆ ಆರಕ್ಕೆ ಶುರುವಾಗ್ತಿತ್ತು, ಅದನ್ನು ರಾತ್ರಿ ಹನ್ನೊಂದಕ್ಕೆ ದೂಡಿದ್ದೇನೆ."

"ಹೇಳ್ಲಿಲ್ಲ ನೀನು."

"ನೀವೂ ಚಾನೆಲ್ ವಿಷಯ ಹೇಳ್ಲಿಲ್ಲ."

ಮೀಟಿಂಗ್ ಯಾವುದರಿಂದ ಉಳಿಯಿತು ಎಂದು ಈಗ ಹೇಳುವಂತಿರಲಿಲ್ಲ. 2005ರ ಅಳತೆಯ ದೋಷವೇ ಮತ್ತೊಮ್ಮೆ ಆಗಿತ್ತು, ಈ ಸಲ ಇಬ್ಬರೂ ಸೇರಿ. ಆದರೆ ಬ್ಯಾಕಪ್ಪಿನ ಮಾತು ಸಣ್ಣದಲ್ಲ. ಮನೆಯಿಂದ ಹೊರಹೋಗುವ ದಾರಿ ತುಂಬಿದಾಗ ರೂಟರ್ ಪ್ಯಾಕೆಟ್‌ಗಳನ್ನು ಸಾಲು ನಿಲ್ಲಿಸುತ್ತದೆ. ಸಾಲು ಉದ್ದವಾದಷ್ಟೂ ಮೀಟಿಂಗಿನ ಒಂದು ಮಾತು ನೂರಾರು ಫೋಟೋಗಳ ಹಿಂದೆ ಕಾಯಬೇಕು. ವೇಗ ನೋಡಿದರೆ ಸರಿಯೇ ಇರುತ್ತದೆ, ಮಾತು ಮಾತ್ರ ಕಡಿಯುತ್ತದೆ. ಅಮೆರಿಕದ ಎಂಜಿನಿಯರ್ ಜಿಮ್ ಗೆಟ್ಟಿಸ್ 2010ರ ಹೊತ್ತಿಗೆ ತಮ್ಮ ಮನೆಯ ಲೈನಿನಲ್ಲೇ ಇದನ್ನು ಕಂಡು ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಅದಕ್ಕೊಂದು ಪರಿಹಾರ ಪ್ರಕಟಿಸಿದರು. ಆ ಜಾತಿಯ ಪರಿಹಾರ ಈಗ ಕೆಲವು ರೂಟರುಗಳ ಸೆಟ್ಟಿಂಗಿನಲ್ಲಿ ಸಿಗುತ್ತದೆ, ಹಲವುಗಳಲ್ಲಿ ಇಲ್ಲ. ಇದನ್ನೆಲ್ಲ ಅವಳು ಮಾವನಿಗೆ ಬಿಡಿಸಿ ಹೇಳಿದಳು.

"ನೋಡು, ಇಪ್ಪತ್ತು ಶೇಕಡಾ ಕ್ಯೂಒಎಸ್ ಸುಳ್ಳು ಅಂದಿ. ಈಗ ನೀನೇ ಸಾಲು ಹಿಡಿದು ನಿಲ್ಲಿಸುವ ಮಾತಾಡ್ತಿ."

"ಆ ಕ್ಯೂಒಎಸ್ ಬೇರೆ, ಇದು ಬೇರೆ. ಇದರಲ್ಲಿ ವೇಗ ಒಂಚೂರು ಕಡಿಮೆಯೇ ಮಾಡುದು, ಸಾಲು ಉದ್ದ ಆಗದ ಹಾಗೆ. ಜನ ವೇಗ ಜಾಸ್ತಿ ಮಾಡುವ ಗುಂಡಿ ಹುಡುಕ್ತಾರೆ. ಹೆಚ್ಚಿನ ಮನೆಗಳಲ್ಲಿ ಬೇಕಾದದ್ದು ಕಾಯುವ ಹೊತ್ತು ಕಡಿಮೆ ಮಾಡುವ ಗುಂಡಿ."

"ಡಿಎನ್ಎಸ್ ನಾಲ್ಕು ಎಂಟು ಹಾಕಿದ್ದೇನೆ. ಅದಾದ್ರೂ ಇರ್ಲಿಯಾ?"

"ಇರ್ಲಿ. 2009ರಿಂದ ಗೂಗಲ್‌ನದ್ದು ಉಂಟು, 2018ರಿಂದ ಕ್ಲೌಡ್‌ಫ್ಲೇರ್‌ನ ನಾಲ್ಕು ಒಂದು. ಹೆಸರು ಕೊಟ್ರೆ ವಿಳಾಸ ಹೇಳುವ ಕೆಲಸ ಅಷ್ಟೇ. ಪುಟ ತೆರೆಯುವಾಗ ಸ್ವಲ್ಪ ಚುರುಕು ಕಾಣ್ಬಹುದು, ಫೈಲು ಬೇಗ ಇಳಿಯುದಿಲ್ಲ. ಅದಕ್ಕಿಂತ ಆ ಕೇಬಲ್ ಬದಲಿಸಿ. ಒಳಗೆ ಎಂಟು ತಂತಿ ಇರ್ಬೇಕು. ನಾಲ್ಕೇ ಸರಿ ಇದ್ರೆ ಲಿಂಕು ನೂರಕ್ಕೆ ನಿಲ್ತದೆ. ನಾಳೆ ಮುನ್ನೂರರ ಪ್ಲಾನ್ ಹಾಕಿಸಿದ್ರೆ ಇನ್ನೂರಕ್ಕೆ ಸುಮ್ಮನೆ ದುಡ್ಡು."

ಮೇಜಿನ ಹಿಂದೆ ನೇತಾಡುತ್ತಿದ್ದ ಬೂದು ಕೇಬಲ್ಲನ್ನು ಅವಳು ಬೆಳಕಿಗೆ ಹಿಡಿದಳು. ಪಾರದರ್ಶಕ ಪ್ಲಗ್ಗಿನೊಳಗೆ ಕಿತ್ತಳೆ, ಹಸಿರು ಜೋಡಿಗಳು ನೆಟ್ಟಗಿದ್ದವು. ನೀಲಿ ತಂತಿಯ ತುದಿ ಲೋಹದ ಹಲ್ಲನ್ನು ಮುಟ್ಟಿರಲೇ ಇಲ್ಲ.

ಅದನ್ನು ನೋಡಿದ ಮೇಲೆ ಹಿರಿಯರ ಮಾತು ಮನೆಯಿಂದ ಹೊರಗೆ ನಡೆಯಿತು.

"ಒಳಗಿನದ್ದೆಲ್ಲ ನಾವು ನೋಡಿದೆವು. ಹೊರಗಿನದ್ದು? ತಾಮ್ರದ ಲೈನಿದ್ದಾಗ ಮಳೆ ಬಂದ್ರೆ ಜಾಯಿಂಟಿಗೆ ನೀರು, ಕಡಲಗಾಳಿಗೆ ತಂತಿಗೆ ಕಿಲುಬು. ಎಂಟು ಕೊಡ್ತೇವೆ ಅಂದದ್ದು ಜೂನ್ ಬಂದ್ರೆ ಒಂದಕ್ಕೆ ಇಳಿಯುದು. ನನ್ನ ನೋಟ್‌ಬುಕ್ಕಿನಲ್ಲಿ ಹದಿಮೂರು ಮಳೆಗಾಲ ಉಂಟು, ಎಲ್ಲದರಲ್ಲೂ ಒಂದೇ ಕತೆ. ನಾವು ಸೆಟ್ಟಿಂಗ್ ತಿರುಗಿಸಿದ್ದು ಹುಚ್ಚಿನಿಂದ ಅಲ್ಲ. ಕೈಗೆ ಸಿಗುದು ಅದೊಂದೇ ಇತ್ತು."

"ಫೈಬರ್ ಬಂದ ಮೇಲೆ ಆ ನೀರಿನ ಕಾಟ ಹೋಯ್ತಲ್ಲ. ಬೆಳಕಿಗೆ ಕಿಲುಬು ಹಿಡಿಯುದಿಲ್ಲ."

"ನಮ್ಮ ಬೀದಿಗೆ ಬಂತು. ಎಲ್ಲ ಬೀದಿಗೂ ಬಂತಾ? ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅಂದ್ರೆ 2004ರಲ್ಲಿ 256 ಕೆಬಿಪಿಎಸ್. 2013ರಲ್ಲಿ 512. 2023ರಲ್ಲಿ ಎರಡು ಎಂಬಿಪಿಎಸ್. ಇವತ್ತಿಗೂ ಎರಡು ಕೊಟ್ರೆ ಬ್ರಾಡ್‌ಬ್ಯಾಂಡ್ ಕೊಟ್ಟ ಹಾಗೆ. ಕನಿಷ್ಠವನ್ನೇ ಇಷ್ಟು ಕೆಳಗೆ ಇಟ್ರೆ ಕೇಳುವವನ ಬಾಯಿ ಕಟ್ಟಿದ ಹಾಗೆ."

ಇದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ, ಇದೆಯೆಂದು ತೋರಿಸಿಕೊಳ್ಳಲೂ ಹೋಗಲಿಲ್ಲ. ಹಿರಿಯರು ಕಿಟಕಿಯ ಕಡೆ, ಪಶ್ಚಿಮಕ್ಕೆ ಕೈ ತೋರಿಸಿದರು.

"ಕಡಲು ಇಲ್ಲೇ ಉಂಟು. ಆದ್ರೆ ಸಮುದ್ರದಡಿಯ ಕೇಬಲ್ ಇಳಿಯುದು ಮುಂಬೈಯಲ್ಲಿ, ಕೊಚ್ಚಿಯಲ್ಲಿ, ಚೆನ್ನೈಯಲ್ಲಿ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಲ್ಲು ಎಲ್ಲ ನಮ್ಮ ಧಕ್ಕೆಯಿಂದ ಹೋಗ್ತದೆ. 2024ರ ಜನವರಿಯಲ್ಲಿ ಉದ್ಘಾಟನೆ ಆದ ಲಕ್ಷದ್ವೀಪದ ಕೇಬಲ್ ಮಾತ್ರ ಕೊಚ್ಚಿಯಿಂದ. ಮಂಗಳೂರಿಗೂ ಒಂದು ಕೇಬಲ್ ಇಳಿಯಲಿ ಅಂತ ಕೇಳುದರಲ್ಲಿ ತಪ್ಪೆಂತ?"

"ತಪ್ಪಿಲ್ಲ. ಆದ್ರೆ ಅದರಿಂದ ನಿಮ್ಮ ವಿಡಿಯೊ ಬೇಗ ಇಳಿಯುದಿಲ್ಲ. ಬೆಳಕು ಫೈಬರಿನಲ್ಲಿ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡ್ತದೆ. ಕ್ಯಾಲಿಫೋರ್ನಿಯಾ ಹದಿನಾಲ್ಕು ಸಾವಿರ ಕಿಲೋಮೀಟರ್ ದೂರ. ಗೆರೆ ಎಳೆದ ಹಾಗೆ ಕೇಬಲ್ ಹಾಕಿದ್ರೂ ಹೋಗಿ ಬರ್ಲಿಕ್ಕೆ 140 ಮಿಲಿಸೆಕೆಂಡು ಬೇಕೇ ಬೇಕು. ಇಲ್ಲಿಂದ ಬೆಂಗಳೂರಿಗೆ ನಾಲ್ಕೈದು ಮಿಲಿಸೆಕೆಂಡು ಅಷ್ಟೇ, ಉಳಿತಾಯ ಆಗುದು ಅಷ್ಟರಲ್ಲಿ."

"ನಾನು ಉಳಿತಾಯ ಕೇಳ್ಲಿಲ್ಲ. ಇನ್ನೊಂದು ದಾರಿ ಕೇಳಿದೆ. 2008ರ ಜನವರಿ 30 ನೆನಪುಂಟಾ? ನೀನು ಶಾಲೆಯಲ್ಲಿದ್ದಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್ ಕಡಿದು ಇಲ್ಲಿ ಇಂಟರ್ನೆಟ್ ತೆವಳಿತು. ಆ ದಿನ ನಾನು ಏನು ಸೆಟ್ಟಿಂಗ್ ಮಾಡಿದ್ರೂ ಆಗ್ಲಿಲ್ಲ."

"ಬರೆದಿದ್ದೀರಾ?"

ಬರೆದಿದ್ದರು. ಆ ದಿನದ ಸಾಲಿನಲ್ಲಿ ಹನ್ನೊಂದು ಪ್ರಯತ್ನಗಳು, ಹನ್ನೊಂದರ ಎದುರೂ ಗೀಟು. ಅವಳು ಅದನ್ನು ಎರಡು ಸಲ ಓದಿದಳು. ಬೆಂಗಳೂರಿನ ಆಫೀಸಿನಲ್ಲಿ ಯಾರ ಹತ್ತಿರವೂ ಇಂಥ ದಾಖಲೆ ಇರಲಿಲ್ಲ: ಒಂದೇ ಮನೆ, ಒಂದೇ ಮೇಜು, ಇಪ್ಪತ್ತು ವರ್ಷದ ವೇಗ.

"ಆಟೋ ಟ್ಯೂನಿಂಗ್ ಪುಟವನ್ನು ಹರಿದು ಬಿಡಿ ಮಾವ. ಇನ್ನೊಂದು ಕಂಪ್ಯೂಟರ್ ಬಂದಾಗ ಮತ್ತೆ ಹಾಕ್ತೀರಿ."

"ಲೆಡ್ಜರಿನಲ್ಲಿ ಹರಿಯುದು ಅಂತ ಇಲ್ಲ. ಹೊಡೆದು ಹಾಕಿ ಪಕ್ಕದಲ್ಲಿ ಕಾರಣ ಬರೀಬೇಕು, ಸಹಿ ಬೇಕು."

ಕೆಂಪು ಶಾಯಿಯ ಸಾಲಿನ ಮೇಲೆ ಅವರು ಓದಲು ಬರುವ ಹಾಗೆ ಒಂದೇ ಗೀಟು ಎಳೆದರು. ಪಕ್ಕದಲ್ಲಿ, ಹಳೆಯ ರೂಟರಿಗಾಗಿ ಮಾಡಿದ್ದು, ರೂಟರ್ ಈಗ ಇಲ್ಲ ಎಂದು ಬರೆದು ತಾರೀಕು ಹಾಕಿದರು. ಅವಳು ಸಹಿ ಮಾಡಿದಳು. ಪುಟ ಹಿಂದಕ್ಕೆ ತಿರುಗಿಸಿ ಶೇಕಡಾ 20ರ ಸಾಲಿನ ಮೇಲೂ ಪೆನ್ನಿಟ್ಟಾಗ ಹಿರಿಯರು ಅವಳ ಕೈ ಹಿಡಿದರು.

"ಅದನ್ನು ನಿನ್ನ ಮಾತಿನ ಮೇಲೆ ಹೊಡೆಯುದಿಲ್ಲ."

"ಮೈಕ್ರೋಸಾಫ್ಟ್‌ನವರ ಮಾತಿನ ಮೇಲೆ?"

"ಅದರ ಮೇಲೂ ಇಲ್ಲ. ಇವತ್ತು ರಾತ್ರಿ ಹತ್ತಕ್ಕೆ ಹಾಗೆ ಮೂರು ಸಲ, ಹೀಗೆ ಮೂರು ಸಲ ಅಳೆಯುವ. ಹೊತ್ತು ಒಂದೇ ಇರ್ಲಿ. ದೂರದ ಸರ್ವರ್ ನೀನು ಆರಿಸು, ಹತ್ತಿರದ್ದು ನಾನು. ಬೇರೆ ಯಾವುದನ್ನೂ ಮುಟ್ಟುದು ಬೇಡ."

"ನಿಮ್ಮ ಬ್ಯಾಕಪ್ ಹನ್ನೊಂದಕ್ಕೆ ಶುರುವಾಗ್ತದೆ, ಅದರ ಒಳಗೆ ಮುಗಿಸ್ಬೇಕು."

"ಮತ್ತೆ ಆ ಕೇಬಲ್?"

"ಅದು ನಾಳೆ. ಈಗ ಬದಲಿಸಿದ್ರೆ ಅಳತೆ ಕೆಡ್ತದೆ."

ಹಿರಿಯರು ಹೊಸ ಪುಟದಲ್ಲಿ ಸ್ಕೇಲ್ ಇಟ್ಟು ಎರಡು ಕಾಲಂ ಎಳೆದರು. ಎಡಕ್ಕೆ ಮಾವ ಎಂದೂ ಬಲಕ್ಕೆ ಸೊಸೆ ಎಂದೂ ಬರೆದು ಗಡಿಯಾರ ನೋಡಿದರು. ಹತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು.